ಬಯಲುಸೀಮೆಗೆ ಹೋದ ಬೊಳ್ಳ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡುವ ದಿನ ನಾನು ಕಿಟಕಿ ಮುಚ್ಚಿಬಿಡುತ್ತೇನೆ. ಸದ್ದಿಗೆ ಹೆದರಿ ಎಂದು ಮನೆಯವರು ತಿಳಿದಿದ್ದಾರೆ. ಸದ್ದಿಗಲ್ಲ, ವಾಸನೆಗೆ. ಆಗಷ್ಟೇ ಕೊಯ್ದ ಹಸಿ ಹುಲ್ಲಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ನಮ್ಮೂರು ಸಿರಿಮನೆಯ ಮೇಲಿನ ಗುಡ್ಡ, ಸಂಜೆ ಅಲ್ಲಿಂದ ಸಾಲಾಗಿ ಇಳಿದು ಬರುತ್ತಿದ್ದ ನಮ್ಮ ಗಿಡ್ಡ ದನಗಳು, ಅವುಗಳ ಬೆಚ್ಚಗಿನ ಉಸಿರು ಎಲ್ಲ ಎದುರಿಗೆ ಬಂದು ನಿಲ್ಲುತ್ತವೆ. ಅದರ ಹಿಂದೆಯೇ ಅವು ಹೋದ ಬಗೆಯೂ ನೆನಪಾಗುತ್ತದೆ. ದನ ಕಟ್ಟಿದ ಮನೆಯಲ್ಲಿ ಬೆಳೆದವರಾದರೆ ನಿಮಗೂ ಇದು ಗೊತ್ತಿದ್ದೀತು.

ದನ ಸಾಕಲು ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಗುಡ್ಡದ ತುಂಬ ಹೇಳುವವರು ಕೇಳುವವರಿಲ್ಲದ ಹುಲ್ಲು, ಬೇಸಿಗೆಯಲ್ಲೂ ಬತ್ತದ ಹಳ್ಳ, ಬಿಸಿಲೇರಿದರೆ ಮಲಗಿ ಮೆಲುಕು ಹಾಕಲು ಕಾಡಿನ ನೆರಳು. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದರೆ ಮುಗಿಯಿತು. ತಾವೇ ಹೋಗುತ್ತಿದ್ದವು, ತಾವೇ ಬರುತ್ತಿದ್ದವು. ಕೆಲವಂತೂ ಕಾಡಿನಲ್ಲೇ ಕರು ಹಾಕಿ ಅದನ್ನು ಹಿಂದಿಟ್ಟುಕೊಂಡು ಠೀವಿಯಿಂದ ಮನೆಗೆ ಬರುತ್ತಿದ್ದವು. ಹಾಲು ಕಾಫಿಗೆ ಆಗುವಷ್ಟು. ನಮಗೆ ಬೇಕಾಗಿದ್ದದ್ದು ಗೊಬ್ಬರ, ಗದ್ದೆ ಉಳಲು ಒಂದು ಜೋಡಿ ಎತ್ತು. ಮಿಕ್ಕ ಹೋರಿಗಳನ್ನು ಕೊಂಡೊಯ್ಯಲು ದಳ್ಳಾಳಿ ಸೋಮಣ್ಣ ಬರುತ್ತಿದ್ದ. ಜಗಲಿಯಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು, ಹಿಂಡಿ ತಿಂದು ನಿಂತಲ್ಲೇ ಬೆಳೆದದ್ದರ ಮೈ ಸಡಿಲ, ಗುಡ್ಡ ಹತ್ತಿಳಿದದ್ದರ ಮೈ ಗಟ್ಟಿ ಎಂದು ನಮ್ಮ ಊರನ್ನು ಹೊಗಳುತ್ತಿದ್ದ. ಗಟ್ಟಿ ಮೈ ಯಾರಿಗೆ, ಯಾತಕ್ಕೆ ಬೇಕು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅವನು ಹೊಡೆದುಕೊಂಡು ಹೋದವೆಲ್ಲ ನಮ್ಮ ಮನೆಯ ಭಾಷೆಯಲ್ಲಿ ‘ಬಯಲುಸೀಮೆಗೆ ಹೋದವು’. ಉಳಲಿಕ್ಕೆ. ನಮ್ಮ ಸೊಂಟದೆತ್ತರದ ಎತ್ತು ಕಟ್ಟಿಕೊಂಡು ಬಯಲುಸೀಮೆಯ ಕಪ್ಪು ಮಣ್ಣು ಉಳುವ ಪುಣ್ಯಾತ್ಮ ಯಾರಿದ್ದನೋ! ಆದರೂ ಎಲ್ಲರೂ ಹಾಗೆಯೇ ಹೇಳುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ.

ಬೊಳ್ಳ ನಮ್ಮ ಉಳುವ ಜೋಡಿಯಲ್ಲೊಂದು ಎತ್ತು. ಕೆಂಪು ಮೈ, ಹಣೆಯಲ್ಲಿ ಬಿಳಿ ಬೊಟ್ಟು. ಅದರ ತಾಯಿ ಮಳೆಗಾಲದಲ್ಲಿ ಕಡಿದಾದ ಧರೆಯಿಂದ ಕೆಳಗೆ ಜಾರಿ ಬಿದ್ದು ಸತ್ತಾಗ, ಚಿಕ್ಕಪ್ಪನ ಹೆಂಡತಿ, ನಮ್ಮ ಚಿಕ್ಕಮ್ಮ, ಗಂಜಿಯಲ್ಲಿ ಬೆರಳದ್ದಿ ಚೀಪಿಸಿ ಅದನ್ನು ಉಳಿಸಿಕೊಂಡಿದ್ದಳು. ಚಿಕ್ಕಮ್ಮ ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನವಳು, ಮಾತು ಕಡಿಮೆ. ನಮ್ಮೊಡನೆ ಆಡದ ಮಾತನ್ನೆಲ್ಲ ಬೊಳ್ಳನ ಕಿವಿಯಲ್ಲಿ ಆಡುತ್ತಾಳೆ ಎಂದು ನಾವು ಗೇಲಿ ಮಾಡುತ್ತಿದ್ದೆವು. ಅಷ್ಟು ಗಟ್ಟಿ ಎತ್ತಾದರೂ ಬಿಚ್ಚಿದ ಕೊಡೆ ಕಂಡರೆ ಅದಕ್ಕೆ ಪ್ರಾಣಭಯ. ಚಿಕ್ಕಮ್ಮ ಎಂಥ ಮಳೆಯಲ್ಲೂ ಕೊಡೆ ಮಡಚಿ, ನೆನೆದುಕೊಂಡೇ ಕೊಟ್ಟಿಗೆಗೆ ಹೋಗುತ್ತಿದ್ದಳು.

ನಾನು ಶೃಂಗೇರಿಗೆ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ದೊಡ್ಡಪ್ಪ ಗದ್ದೆ ಉಳುವ ಟಿಲ್ಲರ್ ತಂದರು. ಮನೆಯ ಯಜಮಾನರು ಅವರು. ಅವರ ಮಾತಿಗೆ ಎದುರಿಲ್ಲ. ಟಿಲ್ಲರ್ ಕೊಟ್ಟಿಗೆಗೆ ಬಂತು, ಬೊಳ್ಳನಿಗೆ ಕೆಲಸವಿಲ್ಲದಾಯಿತು. ಸೋಮಣ್ಣನಿಗೆ ಹೇಳಿಕಳಿಸಿದರು. ಅವನು ಬಂದು ಎಷ್ಟು ಎಳೆದರೂ ಬೊಳ್ಳ ಅಂಗಳ ಬಿಟ್ಟು ಕದಲಲಿಲ್ಲ. ಕೊನೆಗೆ ಚಿಕ್ಕಮ್ಮನೇ ಬಂದಳು. ದನ ಕೊಟ್ಟರೂ ಹಗ್ಗ ಕೊಡಬಾರದು, ಕೊಟ್ಟರೆ ಕೊಟ್ಟಿಗೆಯ ಭಾಗ್ಯ ಹೋಗುತ್ತದೆ ಎಂಬುದು ನಮ್ಮ ಕಡೆಯ ಪದ್ಧತಿ. ಅವಳು ನಮ್ಮ ಹಗ್ಗ ಬಿಚ್ಚಿ, ಸೋಮಣ್ಣನ ಹಗ್ಗವನ್ನು ತಾನೇ ಅದರ ಕೊರಳಿಗೆ ಕಟ್ಟಿದಳು. ಕಟ್ಟಿ, ನಮ್ಮೆಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಸೋಮಣ್ಣ, ಇದಕ್ಕೆ ಕೊಡೆ ಕಂಡ್ರೆ ಹೆದರಿಕೆ. ತಗಂಡವರಿಗೆ ಹೇಳಿ, ಕೊಡೆ ಮಡಚಿ ಹತ್ರ ಹೋಗ್ಲಿ ಅಂತ.”

ಸೋಮಣ್ಣ ಎಲೆಯಡಿಕೆ ಉಗುಳುವ ನೆಪದಲ್ಲಿ ಆಚೆ ತಿರುಗಿದ. ದೊಡ್ಡಪ್ಪ ಟಿಲ್ಲರಿನ ಚಕ್ರದ ಮಣ್ಣು ಕೆರೆಯುತ್ತ ಕೂತರು. ಅಮ್ಮ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋದಳು. ಪಾಪ, ಚಿಕ್ಕಮ್ಮನಿಗೆ ಗೊತ್ತೇ ಇಲ್ಲವಲ್ಲ ಎಂದು ನನಗೆ ಅವಳ ಮೇಲೆ ಕನಿಕರ ಉಕ್ಕಿತು. ಎಷ್ಟು ಸುಲಭದ ಕನಿಕರ ಅದು! ಸೋಮಣ್ಣ ಕೊನೆಗೆ “ಹೇಳ್ತೀನಮ್ಮ” ಎಂದ. ಅವಳು ಮುಂದೆ ನಡೆದಳು, ಬೊಳ್ಳ ಅವಳ ಹಿಂದೆ ಕರುವಿನ ಹಾಗೆ ಕಿಗ್ಗದ ರಸ್ತೆಯಲ್ಲಿ ನಿಂತ ಲಾರಿಯವರೆಗೂ ನಡೆಯಿತು.

ಆಮೇಲೆ ಅದರ ಜೋಡಿ ಎತ್ತು, ಅದರ ಹಿಂದೆ ಒಂದೊಂದೇ ದನ ಹೋದವು. ಮನೆ ಪಾಲಾಯಿತು, ಕೊಟ್ಟಿಗೆ ಬಿಚ್ಚಿ ಹೆಂಚು ಹಂಚಿಕೊಂಡರು. ಗುಡ್ಡದಲ್ಲಿ ಈಗಲೂ ಹುಲ್ಲು ಬೆಳೆಯುತ್ತದಂತೆ, ಮೇಯುವವರಿಲ್ಲ. ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ಕೊಪ್ಪದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಹೋದ ಸಲ ನೋಡಲು ಹೋದಾಗ ಹಳೆಯ ಮಾತು ಬಂತು. ಅವಳಿಗೆ ಖುಷಿಯಾಗಲಿ ಎಂದು, ಬೊಳ್ಳನನ್ನು ಬಯಲುಸೀಮೆಯವರು ಚೆನ್ನಾಗಿ ನೋಡಿಕೊಂಡಿರಬೇಕು ಎಂದೆ. ಅವಳು ಅವರೆಕಾಯಿ ಸುಲಿಯುತ್ತಲೇ ನಕ್ಕಳು.

“ಇನ್ನೂ ಎಂತಕ್ಕೆ ಆ ಸುಳ್ಳು ಕೂಸೆ? ಅದು ಎಲ್ಲಿಗೆ ಹೋಗ್ತದೆ ಅಂತ ನಂಗೆ ಅವತ್ತೇ ಗೊತ್ತಿತ್ತು. ಕೊಡೆ ಮಾತು ಹೇಳಿದ್ದು ಸೋಮಣ್ಣಂಗಲ್ಲ, ನಿಮಗೆ. ಕೇಳಿ ಯಾರಾದ್ರೂ ಒಬ್ರು, ಬೇಡ, ಇಲ್ಲೇ ಇರ್ಲಿ ಅಂತೀರೇನೋ ಅಂತ ಕಾದೆ.”

ನಾನೂ ಒಂದು ಹಿಡಿ ಅವರೆಕಾಯಿ ಎಳೆದುಕೊಂಡೆ. ಅವಳೇ ನನ್ನ ಮುಖ ನೋಡಿ, ನೀನು ಆಗ ಸಣ್ಣವಳು ಬಿಡು ಎಂದು ಸಮಾಧಾನ ಮಾಡಿದಳು. ಆಗ ನನಗೆ ಹದಿನೈದು ತುಂಬಿತ್ತು.