ಗೆರೆಯ ಎರಡೂ ಬದಿಯ ಅಕ್ಷರಗಳು

ಕ್ಯಾಲಿಫೋರ್ನಿಯಾದ ಸರಟೋಗಾದಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಅಮೆರಿಕನ್ ಅಜ್ಜಿಗೆ ತೊಂಬತ್ತೈದು ದಾಟಿದೆ. ಟೆಲಿವಿಷನ್ ಇನ್ನೂ ಹೊಸದಾಗಿದ್ದ ಕಾಲದಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ನೆಟ್‌ವರ್ಕಿನಲ್ಲಿ ಹಗಲಿನ ಕಾರ್ಯಕ್ರಮಗಳ ಮುಖ್ಯಸ್ಥೆಯಾಗಿದ್ದೆ ಎನ್ನುತ್ತಾರೆ. ನಾನು ನಂಬಿರಲಿಲ್ಲ.

ನಂಬದಿರುವುದೇ ಆಗ ನನ್ನ ಕೆಲಸವೂ ಆಗಿತ್ತು. ಊರಿನ ಹಿರಿಯರ ಫೋಟೋ ಪ್ರದರ್ಶನಕ್ಕೆ ಅಡಿಬರಹ ಬರೆಯುತ್ತಿದ್ದವಳು ನಾನು. ದಾಖಲೆಯಿಲ್ಲದೆ ಯಾರ ಹೆಸರಿನ ಮುಂದೆಯೂ ಹುದ್ದೆ ಹಾಕಬಾರದು ಎಂಬ ನಿಯಮ ಮಾಡಿದವಳೂ ನಾನೇ. ಕಾಲೇಜಿನ ಡಿಬೇಟ್ ತಂಡ ಅಂಟಿಸಿದ ಚಾಳಿ. ಅಜ್ಜಿಯ ಷರತ್ತು ಒಂದೇ: ತನ್ನ ಹುದ್ದೆ ಬರೆಯದಿದ್ದರೆ ಫೋಟೋ ಕೊಡುವುದಿಲ್ಲ.

ಫೋಟೋ ನೋಡಿದ ಮೇಲಂತೂ ಅನುಮಾನ ಹೆಚ್ಚಿತು. ಮೇಜಿನ ಸುತ್ತ ಸೂಟುಧಾರಿ ಗಂಡಸರು. ತುದಿಯಲ್ಲಿ ಸೆಕ್ರೆಟರಿಯ ಹಾಗೆ ನೋಟ್‌ಬುಕ್ ಹಿಡಿದ ಈಕೆ.

ಒಂದು ಶನಿವಾರ ಅಮ್ಮನ ಜೊತೆ ಅವರ ಮನೆಗೆ ಹೋದೆ. ಅಮ್ಮ ಒಂದು ಡಬ್ಬಿ ಚಕ್ಕುಲಿ ತಂದಿದ್ದಳು, ನಾನು ಪ್ರಶ್ನೆಗಳನ್ನು.

"ಇಲ್ಲಿ ಬರೆದುಕೊಳ್ಳುತ್ತಿರುವುದು ನೀವೊಬ್ಬರೇ," ಎಂದೆ, ಇಂಗ್ಲಿಷಿನಲ್ಲಿ.

"ಹೌದು. ಉಳಿದವರು ತಾವು ಹೇಳಿದ್ದನ್ನು ಊಟದ ಹೊತ್ತಿಗೆ ಮರೆಯುತ್ತಿದ್ದರು."

"ಏನೇ ಇದು, ಪೊಲೀಸ್ ಸ್ಟೇಷನ್ನಾ?" ಅಮ್ಮ ಕನ್ನಡದಲ್ಲಿ ಗೊಣಗಿದಳು. "ಪಾಪ, ಅವ್ರು ಕಾಫಿನಾದ್ರೂ ಕುಡೀಲಿ ಬಿಡು."

ಅಜ್ಜಿ ಒಂದು ಫೈಲು ನನ್ನತ್ತ ತಳ್ಳಿದರು. ಒಳಗೆ ಆಫೀಸು ಪತ್ರಗಳ ಕಾರ್ಬನ್ ಪ್ರತಿಗಳು. ಆ ಕಾಲದ ಪದ್ಧತಿಯನ್ನು ಅವರೇ ವಿವರಿಸಿದರು: ಪತ್ರದ ಬುಡದಲ್ಲಿ ಒಂದು ಓರೆಗೆರೆ, ಅದರ ಎಡಕ್ಕೆ ಪತ್ರ ಹೇಳಿ ಬರೆಸಿದವರ ಹೆಸರಿನ ಮೊದಲಕ್ಷರಗಳು, ಬಲಕ್ಕೆ ಟೈಪ್ ಮಾಡಿದವರದು.

ನನ್ನ ಕಣ್ಣು ನೇರ ಬಲಕ್ಕೆ ಹೋಯಿತು. ಅಲ್ಲಿದ್ದದ್ದು ಇವರವೇ ಅಕ್ಷರಗಳು. ಸಿಕ್ಕಿಬಿದ್ದರು ಅಂದುಕೊಂಡೆ.

"ಟೈಪ್ ಮಾಡಿದ್ದು ನೀವು."

"ನಾನೇ. ಎಡಗಡೆ ಓದು."

ಎಡಗಡೆಯೂ ಅವೇ ಅಕ್ಷರಗಳು. ಮೇಲೆ ಎರಡೇ ಸಾಲು: ಒಂದು ಕಾರ್ಯಕ್ರಮ ಸೋಮವಾರದಿಂದ ರದ್ದು, ಅದರ ಬದಲು ಇನ್ನೊಂದು.

"ನನ್ನ ಸರೀಕರಿಗೆಲ್ಲ ಒಬ್ಬೊಬ್ಬ ಟೈಪಿಸ್ಟನ್ನು ಕೊಟ್ಟರು," ಎಂದರು ಅಜ್ಜಿ. "ನಿನಗೆ ಹೇಗೂ ಟೈಪಿಂಗ್ ಬರುತ್ತಲ್ಲ ಅಂದರು ನನಗೆ."

ಅಷ್ಟಕ್ಕೇ ಬಿಡಲಿಲ್ಲ ನಾನು. "ಇದನ್ನು ಆಮೇಲೆ ಟೈಪ್ ಮಾಡಿಟ್ಟುಕೊಂಡಿರಬಹುದಲ್ಲ?"

ಅಮ್ಮ ನನ್ನ ಕಾಲು ತುಳಿದಳು. ಅಜ್ಜಿ ಹಾಳೆ ಮಗುಚಿದರು. ಹಿಂಬದಿಯಲ್ಲಿ ನೆಟ್‌ವರ್ಕಿನ ಅಧ್ಯಕ್ಷರ ಸಹಿ, ಮುದ್ರೆ, ಒಪ್ಪಿಗೆಯ ಒಂದು ಸಾಲು.

"ಇನ್ನೇನಾದರೂ?"

ಫೈಲು ಮುಚ್ಚಿ ಅವರ ಕೈಗೆ ಕೊಟ್ಟೆ.

ಮನೆಯತ್ತ ನಡೆಯುತ್ತ ಅಮ್ಮ ಕೇಳಿದಳು: "ಪ್ರದರ್ಶನದಲ್ಲಿ ಇವ್ರ ಪಕ್ಕದ ಫೋಟೋ ಒಬ್ರು ಇಂಜಿನಿಯರ್ ಅಂಕಲ್‌ದು ಅಂದ್ಯಲ್ಲ, ಅವ್ರ ಹತ್ರ ಯಾವ್ ಕಾಗದ ನೋಡ್ದೆ?"

ಯಾವುದೂ ನೋಡಿರಲಿಲ್ಲ. ಒಂದು ದೊಡ್ಡ ಕಂಪನಿಯನ್ನು ಶುರುಮಾಡಿದವರಲ್ಲಿ ತಾನೂ ಒಬ್ಬ ಎಂದಿದ್ದರು, ಹಾಗೆಯೇ ಬರೆದುಕೊಂಡಿದ್ದೆ. ನಿಯಮ ನೆನಪಾಗಲೇ ಇಲ್ಲ.

ಮನೆಗೆ ಬಂದವಳೇ ಅಜ್ಜಿಯ ಹುದ್ದೆಯನ್ನು ಪೂರ್ತಿಯಾಗಿ ಬರೆದೆ. ಅಂಕಲ್‌ರ ಸಾಲನ್ನು ಅಳಿಸಿ, ದಾಖಲೆ ಕಳಿಸಿ ಎಂದು ಅವರಿಗೆ ಮೇಲ್ ಹಾಕಿದೆ. ಪ್ರದರ್ಶನ ಮುಗಿಯುವವರೆಗೂ ಉತ್ತರ ಬರಲಿಲ್ಲ.