ರೋಸಮ್ಮನ ತೋಟದಲ್ಲಿ ಮೂರು ರಾತ್ರಿ

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ವಿನೋದಾ ಒಣಗಿದ ಬಟ್ಟೆ ಮಡಚುತ್ತಿದ್ದಾಗ ಸಿಡ್ನಿಯಿಂದ ಮಗಳು ನವ್ಯಾಳ ಫೋನ್ ಬಂತು.

“ಅಮ್ಮ, ಸರ್ಪ್ರೈಸ್ ಅಂತ ಇಟ್ಟಿದ್ದೆ, ಹೇಳದೆ ಇರ್ಲಿಕ್ಕೆ ಆಗ್ಲಿಲ್ಲ. ಡಿಸೆಂಬರಲ್ಲಿ ಊರಿಗೆ ಹೋಗ್ತೇವಲ್ಲ, ನಿನ್ನ ಅರವತ್ತನೇ ಬರ್ತ್‌ಡೇಗೆ ಘಟ್ಟದ ಮೇಲೆ ಒಂದು ಹೆರಿಟೇಜ್ ಬಂಗ್ಲೆ ಬುಕ್ ಮಾಡಿದ್ದೇನೆ. ಮೂರು ರಾತ್ರಿ. ಬ್ರಿಟಿಷರ ಕಾಲದ ಕಾಫಿ ಪ್ಲಾಂಟೇಶನ್. ರೋಸ್‌ವೇಲ್ ಅಂತ. ಫೋಟೋ ಕಳಿಸಿದ್ದೇನೆ, ನೋಡು.”

ರೋಸ್‌ವೇಲ್ ಎಂಬ ಹೆಸರು ವಿನೋದಾಳಿಗೆ ಏನನ್ನೂ ನೆನಪಿಸಲಿಲ್ಲ. ಫೋಟೋ ತೆರೆದಳು. ಕೆಂಪು ನೆಲದ ಉದ್ದ ಜಗಲಿ, ಬಿಳಿ ಕಂಬಗಳು, ಎದುರಿಗೆ ಒಂಬತ್ತು ಮೆಟ್ಟಿಲು. ಅವಳು ಎಣಿಸಬೇಕಾಗಿರಲಿಲ್ಲ. ಕೂಲಿಯವರ ಬಾಯಲ್ಲಿ ಅದು ರೋಸಮ್ಮನ ತೋಟ. ಅವಳು ಹುಟ್ಟಿದ್ದು ಅಲ್ಲಿಯ ಮೇಲಿನ ಲೈನಿನಲ್ಲಿ, ಆಳುಗಳಿಗೆಂದು ಒಂದೇ ಮಾಡಿನಡಿ ಸಾಲಾಗಿ ಕಟ್ಟಿದ್ದ ಕೋಣೆಗಳ ಏಳನೆಯದರಲ್ಲಿ.

“ಅಮ್ಮ? ಚಂದ ಉಂಟಲ್ಲ?”

“ಉಂಟು ಮಗಾ. ಆಮೇಲೆ ಮಾಡ್ತೇನೆ,” ಎಂದು ಫೋನ್ ಇಟ್ಟು, ಬಟ್ಟೆಯ ರಾಶಿಯ ಪಕ್ಕದಲ್ಲೇ ಕುಳಿತುಬಿಟ್ಟಳು.

ಮೆಲ್ಬರ್ನ್ ಪಕ್ಕದ ವೆರಿಬೀಯ ಏಜ್ಡ್ ಕೇರ್ ಹೋಮಿನಲ್ಲಿ ವಿನೋದಾ ಹದಿನೇಳು ವರ್ಷದಿಂದ ನರ್ಸ್. ಯಾರದೋ ತಾಯಂದಿರ ಕೊನೆಯ ಗಳಿಗೆಯಲ್ಲಿ ಕೈ ಹಿಡಿದು ಕುಳಿತವಳು. ತನ್ನ ತಾಯಿ ಅಕ್ಕುವಿನ ಕೊನೆಗೆ ಅವಳಿರಲಿಲ್ಲ. ಗಂಡ ತೀರಿಹೋದ ಮೇಲೆ ಅಕ್ಕು ಕಾಫಿ ಕೊಯ್ಯುತ್ತ ಮಗಳನ್ನೂ ಮಗನನ್ನೂ ಘಟ್ಟದ ಕೆಳಗಿನ ಕಾರ್ಕಳದ ಸರಕಾರಿ ಹಾಸ್ಟೆಲಿಗೆ ಸೇರಿಸಿದ್ದಳು. ವಿನೋದಾ ಏಳನೇ ಕ್ಲಾಸಿನಲ್ಲಿದ್ದ ವರ್ಷ ಏಪ್ರಿಲಿನಲ್ಲಿ ತೋಟದ ಮೇಸ್ತ್ರಿ ಹಾಸ್ಟೆಲಿಗೆ ಬಂದು ಹೇಳಿದ: ಜ್ವರ ಬಂತು, ಹೋದಳು, ಮಣ್ಣು ಮಾಡಿ ಮೂರು ವಾರ ಆಯಿತು. ರಜೆಯಲ್ಲಿ ಮಕ್ಕಳನ್ನು ಅತ್ತೆ ಕರೆದುಕೊಂಡು ಹೋದಳು. ಮತ್ತೆ ಅವರು ಘಟ್ಟ ಹತ್ತಲಿಲ್ಲ. ಒಬ್ಬರಾದರೂ ತಿಳಿಸಲಿಲ್ಲವಲ್ಲ, ಕೂಲಿಯವಳ ಮಕ್ಕಳೆಂದು ಬಿಟ್ಟುಬಿಟ್ಟರಲ್ಲ ಎಂಬ ನೋವು ನಲವತ್ತೇಳು ವರ್ಷ ಅವಳ ಜೊತೆಗೇ ಬಂದಿತ್ತು. ಗಂಡ ಕಮಲಾಕ್ಷನಿಗೆ ಮದುವೆಗೆ ಮೊದಲೇ ಹೇಳಿದ್ದಳು. ಮಗಳಿಗೆ ಹೇಳಿರಲಿಲ್ಲ.

ಅದಕ್ಕೆ ಕಾರಣ ತಮ್ಮ ಧನರಾಜ್. ಅದೇ ನಗರದ ಗ್ಲೆನ್ ವೇವರ್ಲಿಯಲ್ಲಿ ಮನೆ ಮಾಡಿಕೊಂಡಿರುವ ಎಂಜಿನಿಯರ್. ಮೆಲ್ಬರ್ನಿಗೆ ಬಂದ ಹೊಸದರಲ್ಲಿ ಯಾರೋ ಊರು ಕೇಳಿದಾಗ, “ಕಾಫಿ ಎಸ್ಟೇಟ್ ಕಡೆ” ಎಂದಿದ್ದ. ಕೇಳಿದವರು ಎಸ್ಟೇಟಿನ ಮಾಲೀಕರ ಮನೆಯವನೆಂದುಕೊಂಡರು, ಅವನು ತಿದ್ದಲಿಲ್ಲ. ಈಗ ಗೆಳೆಯರೆಲ್ಲ ಅವನನ್ನು ಪ್ಲಾಂಟರ್ ಎಂದೇ ಕರೆಯುತ್ತಾರೆ. ಅವನ ಇಬ್ಬರು ಗಂಡುಮಕ್ಕಳು ಅದನ್ನೇ ನಂಬಿ ಬೆಳೆದಿದ್ದರು.

ಮರುದಿನ ವಿನೋದಾ ಅವನ ಮನೆಗೆ ಹೋಗಿ ಹಿತ್ತಲಿಗೆ ಕರೆದು ಫೋಟೋ ತೋರಿಸಿದಳು. ಧನರಾಜ್ ಒಮ್ಮೆ ನೋಡಿ ಫೋನ್ ಹಿಂದಕ್ಕೆ ಕೊಟ್ಟ.

“ಕ್ಯಾನ್ಸಲ್ ಮಾಡ್ಲಿಕ್ಕೆ ಹೇಳು ಅಕ್ಕ. ಬೇರೆ ಎಷ್ಟು ಹೋಮ್‌ಸ್ಟೇ ಇಲ್ಲ?”

“ಅಮ್ಮ ಅಲ್ಲಿ ಇದ್ದಾಳಲ್ಲ ಧನು.”

“ಎಲ್ಲಿ ಅಂತ ಹುಡುಕ್ತೀ? ಒಂದು ಕಲ್ಲಾದ್ರೂ ಉಂಟಾ? ನನ್ನ ಮಕ್ಕಳಿಗೆ ಈಗ ನಾನು ಎಂತ ಹೇಳ್ಬೇಕು?”

“ನೀನು ಎಂತದೂ ಹೇಳ್ಬೇಡ. ನಾನು ನನ್ನ ಮಗಳಿಗೆ ಹೇಳ್ತೇನೆ.”

ಆ ಸಂಜೆಯೇ ಹೇಳಿದಳು. ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ತನ್ನ ಅಡುಗೆಮನೆಯಲ್ಲಿ ನವ್ಯಾ ಫೋನ್ ಹಿಡಿದು ನಿಂತೇ ಕೇಳಿದಳು. ಲೈನಿನ ಮಕ್ಕಳು ಬಂಗ್ಲೆಯ ಹಿಂದಿನ ಬಾವಿಯವರೆಗೆ ಮಾತ್ರ ಹೋಗಬಹುದಿತ್ತು. ವಿನೋದಾ ಮುಂದಿನ ಮೆಟ್ಟಿಲು ಹತ್ತಿದ ದಿನ ಅಕ್ಕು ಬುಟ್ಟಿ ಬಿಟ್ಟು ಓಡಿಬಂದು, ದೊರೆಯ ಜವಾನ ನೋಡುವ ಮೊದಲೇ ಮಗಳಿಗೆ ಬಾರಿಸಿ ಇಳಿಸಿದ್ದಳು. ಇದನ್ನು ಹೇಳುವಾಗ ವಿನೋದಾ ನಕ್ಕಳು.

“ಅಯಾಮ್ ಸೋ ಸಾರಿ ಅಮ್ಮ. ಅವರ ವೆಬ್‌ಸೈಟಲ್ಲಿ ಬುಟ್ಟಿ ಕಟ್ಟಿಕೊಂಡು ಕಾಫಿ ಕೊಯ್ಯೋ ಫೋಟೋಶೂಟ್ ಉಂಟು. ಅದನ್ನೂ ಬುಕ್ ಮಾಡಿದ್ದೆ. ಎಲ್ಲಾ ಕ್ಯಾನ್ಸಲ್ ಮಾಡ್ತೇನೆ.”

“ಫೋಟೋಶೂಟ್ ಬೇಡ. ಬಂಗ್ಲೆ ಇರ್ಲಿ. ನನಗೆ ಹೋಗ್ಬೇಕು ಮಗಾ. ತುಂಬ ವರ್ಷದಿಂದ ಹೋಗ್ಬೇಕು ಅಂತ ಉಂಟು. ದಾರಿ ಯಾರನ್ನು ಕೇಳುದು ಅಂತ ಗೊತ್ತಿರಲಿಲ್ಲ, ಅಷ್ಟೆ.”

ನವ್ಯಾ ಎಸ್ಟೇಟಿನ ನಂಬರ್ ಹುಡುಕಿ ಕೊಟ್ಟಳು. ಫೋನ್ ಎತ್ತಿದವರು ಆಫೀಸಿನಲ್ಲಿ ಮೂವತ್ತು ವರ್ಷದಿಂದ ಲೆಕ್ಕ ಬರೆಯುವ ರೈಟರ್ ಆಗಿದ್ದ ಗೋಪಾಲ. ಆಸ್ಟ್ರೇಲಿಯಾದ ಗೆಸ್ಟ್ ಎಂದು ಮೊದಲು ಊಟದ ಮೆನು ಹೇಳತೊಡಗಿದರು. ವಿನೋದಾ ನಡುವೆ ತಡೆದು, “ಮೇಲಿನ ಲೈನು ಈಗ ಉಂಟಾ?” ಎಂದು ಕೇಳಿದಳು.

“ಲೈನು ಅಂತ ನಿಮಗೆ ಹೇಗೆ ಗೊತ್ತು ಮೇಡಂ?”

“ನಾನು ಏಳನೇ ಮನೆಯ ಅಕ್ಕುವಿನ ಮಗಳು.”

ಗೋಪಾಲರ ದನಿ ಬದಲಾಯಿತು. ಮೇಲಿನ ಲೈನನ್ನು ಕೆಡವಿ ಕಾಫಿ ಒಣಗಿಸುವ ಕಣ ಮಾಡಿದ್ದರು. ಹಳ್ಳದ ಆಚೆ ಹೆಣ ಹೂಳುತ್ತಿದ್ದ ಜಾಗ ಹಾಗೇ ಇತ್ತು, ಆದರೆ ಗುರುತಿನ ಕಲ್ಲುಗಳಿರಲಿಲ್ಲ. “ಹೊಸ ಕ್ವಾರ್ಟರ್ಸಲ್ಲಿ ಬಾಗಿ ಅಂತ ಒಬ್ಬರು ಅಜ್ಜಿ ಇದ್ದಾರೆ ಅಮ್ಮ. ಅವರಿಗೆ ಗೊತ್ತಿರಬಹುದು. ಕೇಳಿ ಹೇಳ್ತೇನೆ.” ಮೇಡಂ ಎನ್ನುತ್ತಿದ್ದವರು ಅಮ್ಮ ಎಂದದ್ದು ಅವರಿಗೇ ತಿಳಿಯಲಿಲ್ಲ.

ನಾಲ್ಕು ದಿನದ ಮೇಲೆ ಗೋಪಾಲರ ನಂಬರಿನಿಂದ ವಾಯ್ಸ್ ಮೆಸೇಜ್ ಬಂತು. ವಿನೋದಾ ಆಗ ಬೆಳಗಿನ ಶಿಫ್ಟ್ ಮುಗಿಸಿ ಕಾರಿನಲ್ಲಿ ಕುಳಿತಿದ್ದಳು. ಮುದುಕಿಯೊಬ್ಬಳು ತುಳುವಿನಲ್ಲಿ, ಫೋನಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬಂತೆ ಕೂಗಿ ಹೇಳುತ್ತಿದ್ದಳು:

“ವಿನೋದಾ ಅಲ್ವಾ ಮಗಾ? ನಾನು ಎಂಟನೇ ಮನೆಯ ಬಾಗಿ. ನಿನ್ನಮ್ಮನ ಬಾಯಿಗೆ ನೀರು ಬಿಟ್ಟದ್ದು ನಾನೇ. ಹಾಸ್ಟೆಲಿಗೆ ಆಳು ಕಳಿಸ್ತೇವೆ ಅಂತ ಎರಡು ಸಲ ಕೇಳಿದೆವು. ಬೇಡ ಅಂದಳು. ‘ಮಗಳಿಗೆ ಪಬ್ಲಿಕ್ ಪರೀಕ್ಷೆ ಉಂಟು, ಅದು ಮುಗಿಯುವವರೆಗೆ ಹೇಳಬೇಡಿ’ ಅಂತ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು. ನಿಮಗೆ ಸಿಟ್ಟು ಬಂದಿರಬಹುದು. ನಾವು ಎಂತ ಮಾಡುದು, ಆಣೆ ಅಲ್ವಾ? ಜಾಗ ನನಗೆ ಗೊತ್ತುಂಟು. ಹಲಸಿನ ಮರದ ಬಡಗು ಬದಿ. ಬಾ, ತೋರಿಸ್ತೇನೆ.”

ವಿನೋದಾ ಕಾರು ಸ್ಟಾರ್ಟ್ ಮಾಡಲಿಲ್ಲ. ಆ ಪರೀಕ್ಷೆಯಲ್ಲಿ ಅವಳು ಶಾಲೆಗೇ ಮೊದಲಿಗಳಾಗಿ ಪಾಸಾಗಿದ್ದಳು. ಅದನ್ನು ತಾಯಿಗೆ ಹೇಳಬೇಕೆಂದು ಎಷ್ಟು ಆಸೆಪಟ್ಟಿದ್ದಳು! ಕಿಟಕಿ ಏರಿಸಿಕೊಂಡು, ಅರವತ್ತಕ್ಕೆ ಹತ್ತಿರವಾದ ಹೆಂಗಸು ಹನ್ನೆರಡರ ಹುಡುಗಿಯಂತೆ ಅತ್ತಳು.

ಮೆಸೇಜನ್ನು ಒಂದು ಮಾತೂ ಸೇರಿಸದೆ ಧನರಾಜನಿಗೆ ಕಳಿಸಿದಳು. ಮೂರನೆಯ ದಿನ ಅವನೇ ವೆರಿಬೀಗೆ ಬಂದ. ಕಮಲಾಕ್ಷ ಚಹಾ ಕೊಟ್ಟು ಹೊರಗೆ ಹೋದ. ಧನರಾಜ್ ಲೋಟ ಕೈಯಲ್ಲೇ ಹಿಡಿದುಕೊಂಡು ಹೇಳಿದ:

“ನನಗೆ ಅಮ್ಮನ ಮುಖವೇ ನೆನಪಿಗೆ ಬರುದಿಲ್ಲ ಅಕ್ಕ. ಕೈ ಮಾತ್ರ ನೆನಪುಂಟು. ಕಾಫಿ ಹಣ್ಣಿನ ಕರೆ ಹಿಡಿದು ಕಪ್ಪಾಗಿತ್ತು. ಹಾಸ್ಟೆಲಿಗೆ ಬಿಡ್ಲಿಕ್ಕೆ ಬಂದ ದಿನ ಆ ಕೈ ಯಾರಿಗೂ ಕಾಣದ ಹಾಗೆ ಸೆರಗಲ್ಲಿ ಮುಚ್ಚಿಕೊಳ್ಳು ಅಂತ ನಾನೇ ಹೇಳಿದ್ದೆ.”

ಇದು ವಿನೋದಾಳಿಗೂ ಗೊತ್ತಿರಲಿಲ್ಲ.

“ಒಂಬತ್ತು ವರ್ಷದವನು ನೀನು,” ಎಂದಳು.

“ಅವಳು ಮುಚ್ಚಿಕೊಂಡಳು ಅಕ್ಕ.”

ಆ ಭಾನುವಾರ ಧನರಾಜ್ ಮಕ್ಕಳನ್ನು ಕೂರಿಸಿಕೊಂಡು ಎಲ್ಲ ಹೇಳಿದ. ದೊಡ್ಡವನು ಎದ್ದು ಹೋದ. ಅವನಿಗೆ ಅರಗಿಸಿಕೊಳ್ಳಲು ಕೆಲವು ವಾರ ಬೇಕಾಯಿತು. ಚಿಕ್ಕವನು ಸುಮುಖ ಮಾತ್ರ ಇಂಗ್ಲಿಷಿನಲ್ಲಿ ಅಜ್ಜಿಯ ಹೆಸರು ಕೇಳಿದ. “ಅಕ್ಕು,” ಎಂದ ಧನರಾಜ್. ಆ ಮನೆಯಲ್ಲಿ ಆ ಹೆಸರು ಕೇಳಿಬಂದದ್ದು ಅದೇ ಮೊದಲು. ಮರುದಿನ ಅವನು ನವ್ಯಾಳಿಗೆ ಫೋನ್ ಮಾಡಿ ಯಾವ ಫ್ಲೈಟ್ ಎಂದು ವಿಚಾರಿಸಿ, ತನಗೂ ಸುಮುಖನಿಗೂ ಟಿಕೆಟ್ ತೆಗೆದ.

ಈಗ ಶನಿವಾರ ಮಧ್ಯಾಹ್ನ ವಿನೋದಾ ತಪ್ಪದೆ ಬಾಗಿಗೆ ಫೋನ್ ಮಾಡುತ್ತಾಳೆ. ಅಲ್ಲಿ ಆಗಿನ್ನೂ ಬೆಳಿಗ್ಗೆ. ಕಳೆದ ವಾರ ಬಾಗಿ, ಹಳ್ಳದಲ್ಲಿ ಇನ್ನೂ ನೀರು ಜೋರಿದೆ, ದಾಟಲಾಗುವುದಿಲ್ಲ ಎಂದಳು.

“ನೀನು ಬರುವಾಗ ಪಾದ ಮುಳುಗುವಷ್ಟಕ್ಕೆ ಇಳಿದಿರ್ತದೆ. ಎಂತದೂ ತರಬೇಡ ಮಗಾ. ನಡೀಲಿಕ್ಕೆ ಒಳ್ಳೆ ಚಪ್ಪಲಿ ಹಾಕಿಕೊಂಡು ಬಾ.”

“ಬರ್ತೇನೆ,” ಎಂದಳು ವಿನೋದಾ. ಡಿಸೆಂಬರಿಗೆ ಇನ್ನೂ ಒಂಬತ್ತು ವಾರವಿತ್ತು.