ಹೊಸ್ತಿಲ ಹೊರಗೆ ನಿಂತ ನೀರು

ನೆನಪನ್ನು ನಂಬಬಾರದು ಎಂದು ನಾನು ಜಮಖಂಡಿಯ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಇತಿಹಾಸದ ಮೇಷ್ಟ್ರಿಗೆ ಅನುಮಾನವೇ ಕಸುಬು. ಊಟಕ್ಕೆ ಕುಳಿತ ಮೇಲೂ, ಬೆಳಿಗ್ಗೆ ಸ್ನಾನ ಆಯಿತೋ ಇಲ್ಲವೋ ಎಂದು ಯೋಚಿಸುವವನು ನಾನು. ಅಂಥವನಿಗೆ ಮೊನ್ನೆ ಒಂದು ನೆನಪು ಮಾತ್ರ ಕಲ್ಲಿನಲ್ಲಿ ಕೊರೆದಷ್ಟು ಖಚಿತವಾಗಿತ್ತು. ಅದು ನನಗೆ ಅನುಕೂಲವೂ ಆಗಿತ್ತು ಎಂಬುದನ್ನು ತಲೆ ತಗ್ಗಿಸಿ ಸೇರಿಸುತ್ತೇನೆ.

ನಮ್ಮ ಮನೆ ಕೃಷ್ಣೆಯ ದಂಡೆಯಲ್ಲಿದೆ. ಹೊಳೆ ಕಡೆಯ ಗೋಡೆ ವಾಲಿದೆ. ಕೆಡವಿ ಕಟ್ಟಲು ಪಂಚಾಯ್ತಿಯ ಪರವಾನಗಿ ಬೇಕು. ಹಿಂದಿನ ಸಲದ ಮಹಾಪೂರದ ನೀರು ಒಳಹೊಕ್ಕ ಮನೆಗಳಿಗೆ ಅದು ಸಿಗುವುದಿಲ್ಲವಂತೆ; ಅವರಿಗೆ ಎತ್ತರದಲ್ಲಿ ಬೇರೆ ಜಾಗ. ನನಗೆ ಹೊಳೆಯ ಗಾಳಿ ಬಿಡಲು ಮನಸ್ಸಿಲ್ಲ. ಪಕ್ಕದ ಮನೆಯ ಶಾಂತವ್ವ ಕಾಕಿಗೆ ಆ ಜಾಗವೇ ಬೇಕು. ಮಳೆಗಾಲ ಬಂತೆಂದರೆ ಆಕೆಗೆ ನಿದ್ದೆಯಿಲ್ಲ. ಎರಡೂ ಮನೆಗೆ ನಡುವಿನ ಗೋಡೆ ಒಂದೇ, ನೆಲವೂ ಒಂದೇ ಮಟ್ಟ. ನನ್ನ ಮನೆಗೆ ನೀರು ಬಂದಿಲ್ಲವೆಂದರೆ ಆಕೆಯ ಮನೆಗೂ ಬಂದಿಲ್ಲವೆಂದೇ ಲೆಕ್ಕ; ಆಗ ಆಕೆಗೆ ಎತ್ತರದ ಜಾಗವೂ ಇಲ್ಲ.

ಪಂಚನಾಮೆಗೆ ಬಂದ ಅಧಿಕಾರಿ ಓಣಿಯ ಹಿರಿಯರನ್ನು ನಿಲ್ಲಿಸಿ, “ನೀರು ಎಲ್ಲಿತನಕ ಬಂದಿತ್ರೀ?” ಎಂದು ಕೇಳಿದರು.

“ಹೊಸ್ತಿಲ ತನಕ. ಒಳಗ ಬರಲಿಲ್ರಿ,” ಎಂದೆ ನಾನು, ಎಲ್ಲರಿಗಿಂತ ಮೊದಲು.

ನಮ್ಮಲ್ಲಿ ಪಂಚನಾಮೆಯೆಂದರೆ ಮೊದಲಿನವನ ಮಾತಿಗೆ ಉಳಿದವರ ‘ಹೂಂ’. ಹಿರಿಯರು ನನ್ನ ಮುಖ ನೋಡಿದರು, ಹೊಳೆ ನೋಡಿದರು, ಹೂಂ ಎಂದರು. ಕಾಕಿಯ ಸರದಿ ಬಂತು.

“ಸರ ಹೇಳ್ಯಾರಂದ್ರ ಖರೇನ ಇರತೈತ್ರೀ. ನಾವೇನ ಸಾಲಿ ಕಲತೇವೇನು?”

ಹುಟ್ಟಿದಾಗಿನಿಂದ ‘ಲೇ ತಮ್ಮಾ’ ಎಂದು ಕರೆದ ಬಾಯಿಂದ ‘ಸರ’! ಬೈದಿದ್ದರೆ ಚೆನ್ನಾಗಿತ್ತು.

ಅಧಿಕಾರಿ ಹೊರಟ ಮೇಲೆ, ಒಳಗಿನಿಂದ ಚಹಾ ತಂದ ಹೆಂಡತಿ ಮೆಲ್ಲಗೆ ಹೇಳಿದಳು: “ನೀರು ಹೊಸ್ತಿಲಕ್ಕ ಬಂದಾಗ ನೀವು ಟ್ರ್ಯಾಕ್ಟರ್ ಹತ್ತಿ ಜಮಖಂಡಿಗೆ ಹೋದ್ರಿ. ಮನಿ ಒಣಗಿದ ಮ್ಯಾಲ ಬಂದ್ರಿ. ಒಳಗಿನ ರಾಡಿ ಬಳದು ಹೊರಗ ಚೆಲ್ಲಿದಾವ್ರು ಕಾಕಿ ಮತ್ತ ನಾನು.”

ಚಹಾದ ಬಟ್ಟಲು ಕಟ್ಟೆಯ ಮೇಲಿಟ್ಟೆ. ಬರಿಗಾಲಲ್ಲೇ ಓಡಿದೆ. ಓಣಿಯ ತುದಿಯಲ್ಲಿ ಅಧಿಕಾರಿ ಬೈಕಿಗೆ ಕಿಕ್ ಹೊಡೆಯುತ್ತಿದ್ದರು.

“ನೀರು ಒಳಗ ಬಂದಿತ್ರಿ!”

“ಈಗ ನೆನಪಾತೇನ್ರಿ ಸರ?”

ಆಗಿರಲಿಲ್ಲ. ಇವತ್ತಿಗೂ ನನ್ನ ತಲೆಯಲ್ಲಿ ಆ ನೀರು ಸಂಕೋಚದ ಬೀಗರಂತೆ ಹೊಸ್ತಿಲ ಹೊರಗೇ ನಿಂತಿದೆ. “ಇಲ್ರಿ. ನಾ ಊರಾಗ ಇದ್ದಿದ್ದಿಲ್ಲ. ಇದ್ದಾವ್ರನ್ನ ಕೇಳ್ರಿ.”

ಅವರು ಮರಳಿ ಬಂದು, ಈ ಸಲ ಕಾಕಿಯನ್ನೇ ಮೊದಲು ಕೇಳಿದರು. ಆಕೆ ಎದೆಮಟ್ಟಕ್ಕೆ ಕೈ ಹಿಡಿದು ತೋರಿಸಿದಳು. ಹಿರಿಯರು ಅದಕ್ಕೂ ಹೂಂ ಎಂದರು. ನನ್ನ ಪರವಾನಗಿ ಅಲ್ಲಿಗೇ ಮುಗಿಯಿತು.

ಸಂಜೆ ನಾನು ವಾಲಿದ ಗೋಡೆಗೆ ಬೊಂಬಿನ ಆಸರೆ ಕೊಡುತ್ತಿದ್ದಾಗ ಕಾಕಿ ಬಂದು ಬೊಂಬಿನ ಇನ್ನೊಂದು ತುದಿ ಹಿಡಿದಳು. ಕ್ಷಮೆ ಕೇಳಲು ನಾನು ಮಾತು ಹುಡುಕುತ್ತಿದ್ದೆ.

“ಲೇ ತಮ್ಮಾ,” ಎಂದಳು, “ಮುಂದಿನ ಸರ್ತಿ ನೀರು ಬಂದಾಗ ಓಡಬ್ಯಾಡ. ರಾಡಿ ಬಳಿ. ಭಾಳ ದಿನ ನೆನಪ ಉಳೀತೈತಿ.”